ಮಾರ್ಚ್ ಬಿಸಿಲಿಗೆ ಆರು-ಏಳನೇ ಕ್ಲಾಸಿನವರಿಗೆ ಸಂಜಿ ವಿಶೇಷ ತರಗತಿ ಬೇಕೇನ್ರಿ?

ಎಡದಂಡೆ_ರೈತ
ನಮ್ಮದು ರಾಯಚೂರು ಜಿಲ್ಲೆ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲಿ. ನಾನು ಎಸ್‌ಡಿಎಂಸಿ (ಶಾಲಿ ನೋಡಿಕೊಳ್ಳೋ ಪಾಲಕರ ಸಮಿತಿ) ಸದಸ್ಯ, ಮಗಳು ಏಳನೇ ಕ್ಲಾಸು. ವರ್ಷದ ಕೊನೀ ಎಸ್‌ಎ-2 ಪರೀಕ್ಷೆ ಹತ್ರ ಬಂತು, ಆರು-ಏಳನೇ ಕ್ಲಾಸಿನವರಿಗೆ ಶಾಲಿ ಬಿಟ್ಟ ಮ್ಯಾಲೆ ದಿನಾ ಇನ್ನೊಂದು ತಾಸು ವಿಶೇಷ ತರಗತಿ ಮಾಡೋಣು ಅಂತಾರ ಹೆಡ್‌ಮಾಸ್ತರು. ಶನಿವಾರ ಸಭಾ ಅದ, ಅಲ್ಲಿ ಹ್ಞೂಂ ಅಥವಾ ಊಹ್ಞೂಂ ಅನ್ನಬೇಕು.

ನನ್ನ ತಕರಾರು ಇಷ್ಟ. ಫೆಬ್ರವರಿ ಅರ್ಧ ದಾಟಿದ್ರ ನಮ್ಮ ಕಡೆ ಎರಡರ ಮ್ಯಾಲೆ ತಗಡಿನ ಕೆಳಗ ಕುಂದ್ರಾಕ ಆಗಂಗಿಲ್ಲ. ಹೋದ ವಾರ ಗಣಿತದ ಪೀರಿಯಡ್‌ನ್ಯಾಗ ಹೋಗಿ ನೋಡಿದೆ. ಹಿಂದ ಮೂರು ಮಂದಿ ಡೆಸ್ಕಿಗೆ ತಲಿ ಇಟ್ಟು ಮಲಗಿದ್ರು. ಒಬ್ಬಾಕಿ ತಲಿನೋವು ಅಂತ ಗ್ವಾಡಿಗೆ ಒರಗಿದ್ಲು. ಟೀಚರ್ ಎಬ್ಬಿಸಲಿಲ್ಲ. ಎಬ್ಬಿಸಿ ಏನ್ ಮಾಡ್ತಾರ? ಇದರ ಮ್ಯಾಲೆ ಇನ್ನೊಂದು ತಾಸು ಅಂದ್ರ ತಲಿಗೆ ಹತ್ತತದೇನು? ಮಾಸ್ತರು, ಪಾಲಕರು, ಆರೋಗ್ಯ ಇಲಾಖೆಯವರು ಯಾರರ ಇದ್ರ ಹೇಳ್ರಿ.

ನಿವೃತ್ತಿಗೆ_ಮೂರ್ವರ್ಷ
ನಾನೂ ಮುಖ್ಯ ಶಿಕ್ಷಕನೇ, ಕೊಪ್ಪಳ ಜಿಲ್ಲೆ. ನಿಮ್ಮ ಹೆಡ್‌ಮಾಸ್ತರ ಪರವಾಗಿ ಎರಡು ಮಾತು.

ಆರನೇ ತರಗತಿಗೆ ಬಂದ ಎಷ್ಟೋ ಮಕ್ಕಳು ಮೂರನೇ ತರಗತಿಯ ಕನ್ನಡ ಪಾಠವನ್ನೇ ತಡವರಿಸಿ ಓದ್ತಾರೆ, ಭಾಗಾಕಾರ ಅಂದ್ರೆ ಪೆನ್ಸಿಲ್ ಕಚ್ಚುತ್ತಾ ಕೂರ್ತಾರೆ. ಏಪ್ರಿಲ್ 10ಕ್ಕೆ ಬಾಗಿಲು ಹಾಕಿದ್ರೆ ತೆಗೆಯೋದು ಮೇ ಕೊನೆಗೆ. ಈಗ ಕಲಿಸದೇ ಇದ್ರೆ ಜೂನ್‌ನಲ್ಲಿ ಮೊದಲಿಂದ ಶುರು.

ಇನ್ನೊಂದು ಸಂಗತಿ ಸಭೆಯಲ್ಲಿ ಯಾವ ಹೆಡ್‌ಮಾಸ್ತರೂ ಬಾಯಿಬಿಟ್ಟು ಹೇಳಲ್ಲ. ಈಗ ಮೆಣಸಿನಕಾಯಿ ಬಿಡಿಸೋ ಕಾಲ. ನಾಲ್ಕೂವರೆಗೆ ಮನೆ ಸೇರಿದ ಏಳನೇ ತರಗತಿ ಹುಡುಗಿ ಪುಸ್ತಕ ಹಿಡೀತಾಳೆ ಅಂದ್ಕೊಂಡ್ರಾ? ಕೊಡ ಹಿಡೀತಾಳೆ, ಇಲ್ಲಾ ತಮ್ಮನ್ನ ಎತ್ಕೋತಾಳೆ. ಕೆಲವರು ಮಧ್ಯಾಹ್ನವೇ ಹೊಲಕ್ಕೆ ಕರ್ಕೊಂಡು ಹೋಗ್ತಾರೆ. ನಾನು ಐದೂವರೆವರೆಗೆ ಇಟ್ಕೊಳ್ಳೋದು ಅರ್ಧ ಪಾಠಕ್ಕೆ, ಅರ್ಧ ಇದಕ್ಕೆ. ಕಳಿಸೋ ಪಾಲಕರೇ ಎದುರಿಗೆ ಕೂತಿರುವಾಗ ಹೇಗೆ ಹೇಳಲಿ?

ಜಯನಗರದ_ಅಮ್ಮ
ನಮ್ಮ ಬೆಂಗಳೂರಿನ ಕಥೆ ಬೇರೆ, ಆದ್ರೆ ಮಕ್ಕಳ ಸ್ಥಿತಿ ಅದೇ. ಮಗ ಏಳನೇ ಕ್ಲಾಸು, ಖಾಸಗಿ ಶಾಲೆ. ತರಗತಿಯಲ್ಲಿ ಫ್ಯಾನ್ ಇದೆ, ಕುಡಿಯೋಕೆ ಫಿಲ್ಟರ್ ನೀರಿದೆ. ಆದ್ರೂ ಕೂತಲ್ಲೇ ತೂಕಡಿಸ್ತಾನೆ. ಯಾಕೆ ಅಂದ್ರೆ ಟ್ಯೂಷನ್ ಮುಗಿಸಿ ಬರೋದೇ ಎಂಟಕ್ಕೆ, ಮಾರ್ಚ್ ಕೊನೇಲಿ ಐಪಿಎಲ್ ಶುರುವಾದ್ರೆ ಮ್ಯಾಚ್ ಮುಗಿಯೋದು ಹನ್ನೊಂದಕ್ಕೆ, ಶಾಲೆ ವ್ಯಾನ್ ಬೆಳಿಗ್ಗೆ ಏಳಕ್ಕೆ. ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, ಹದಿಮೂರು ದಾಟಿದ್ರೂ 8 ಗಂಟೆಗೆ ಕಡಿಮೆ ಇರಬಾರದು ಅಂತಾರೆ ವೈದ್ಯರು. ನಮ್ಮನೇಲಿ ಏಳು ಆದ್ರೆ ಹೆಚ್ಚು. ಎಲ್ಲಾನೂ ಬಿಸಿಲಿನ ತಲೆಗೆ ಕಟ್ಟಬೇಡಿ ಸರ್.

ಬಿಎಡ್_ಓದ್ತಿರೋನು
ಮೇಡಂ, ಟಿವಿ ಆಫ್ ಮಾಡೋದು ನಿಮ್ಮ ಕೈಲಿದೆ. ತಗಡಿನ ಶಾಖ ಆಫ್ ಮಾಡೋ ಸ್ವಿಚ್ಚು ಅವರ ಹತ್ರ ಇಲ್ಲ.

ಹೆಡ್‌ಮಾಸ್ತರಿಗೆ ಒಂದು ಪ್ರಶ್ನೆ. 2024ರ ಮಾರ್ಚ್‌ನಲ್ಲಿ 5, 8, 9ನೇ ತರಗತಿ ಬೋರ್ಡ್ ಪರೀಕ್ಷೆಯ ಕಥೆ ನೆನಪಿದೆಯಲ್ಲ? ಹೈಕೋರ್ಟ್ ಬೇಡ ಅಂತು, ಆಮೇಲೆ ಮಾಡಿ ಅಂತು, ಪರೀಕ್ಷೆ ಅರ್ಧಕ್ಕೆ ನಿಂತು ಮತ್ತೆ ನಡೀತು, ಕೊನೆಗೆ ಫಲಿತಾಂಶ ಕೊಡಬೇಡಿ ಅಂತ ಸುಪ್ರೀಂ ಕೋರ್ಟ್ ತಡೆ ಹಾಕ್ತು. ಅಷ್ಟು ದಿನ ಸಂಜೆವರೆಗೆ ಕೂರಿಸಿ ಓದಿಸಿದ್ದು ಯಾರಿಗಾಗಿ? ಪರೀಕ್ಷೆ ಭಯ ಹುಟ್ಟಿಸೋದೇ ತಯಾರಿ ಅಂದ್ಕೊಂಡುಬಿಟ್ಟಿದ್ದೀವಿ.

ನಿವೃತ್ತಿಗೆ_ಮೂರ್ವರ್ಷ
ಪರೀಕ್ಷೆ ಹಾಳಾಗಿ ಹೋಗಲಿ ತಮ್ಮಾ. ನಾನು ಹೇಳಿದ್ದು ಓದೋಕೆ ಬರಲ್ಲ ಅಂತ. ಬಿಎಡ್ ಮುಗಿಸಿ ಬಾ, ಒಂದು ವರ್ಷ ಆರನೇ ತರಗತಿ ತಗೋ, ಆಮೇಲೆ ಮಾತಾಡೋಣ.

ಪೀಟಿ_ಮಾಸ್ತರ್_ಹಾವೇರಿ
ವಿಶೇಷ ತರಗತಿ ಬಂತಂದ್ರ ಮೊದಲು ಬಲಿ ಬೀಳೋದು ನನ್ನ ಆಟದ ಪೀರಿಯಡ್ಡು. ಜನವರಿ ಮುಗೀತಿದ್ದಂಗ ‘ಸರ, ಪೋರ್ಷನ್ ಉಳದೇತ್ರಿ’ ಅಂತ ಒಬ್ಬೊಬ್ಬರs ಬರ್ತಾರ. ಮಾರ್ಚ್‌ದಾಗ ಹುಡುಗ್ರು ಕಬಡ್ಡಿ ಅಂಕಣ ನೋಡೂದೇ ಇಲ್ಲ. ಅದರ ಬದಲಿ ಬೆಳಿಗ್ಗೆ ಪ್ರಾರ್ಥನಾ ಆದ ಕೂಡ್ಲೆ, ಬಿಸಲು ಏರೂಕಿಂತ ಮೊದಲ, ಇಪ್ಪತ್ತು ನಿಮಿಷ ಆಡಸ್ರಿ. ಆಮ್ಯಾಲೆ ಪಾಠಕ್ಕ ಕುಂತವರ ಕಣ್ಣು ನೋಡ್ರಿ. ಹನ್ನೆರಡರಿಂದ ಮೂರರತನಕ ಮಾತ್ರ ಯಾರನ್ನೂ ಮೈದಾನಕ್ಕ ಬಿಡಬ್ಯಾಡ್ರಿ. ರಂಜಾನ್ ತಿಂಗಳು ಇದೇ ಹೊತ್ತಿಗೆ ಬಂದ್ರ ಅದನ್ನೂ ನೋಡ್ರಿ. ಏಳನೇತ್ತಾ ಹುಡುಗ್ರೂ ಕೆಲವ್ರು ರೋಜಾ ಹಿಡೀತಾರ, ಅವರನ್ನ ಬೆಳಿಗ್ಗೇನೂ ಓಡಸಬ್ಯಾಡ್ರಿ, ಅಂಪೈರ್ ಮಾಡಿ ನಿಲ್ಲಸ್ರಿ.

ಉಪಕೇಂದ್ರದ_ಅಕ್ಕ
ಎಲ್ಲರೂ ಗಂಟೆ ಲೆಕ್ಕ ಹಾಕ್ತಾ ಇದ್ದೀರಿ. ಗೋಡೆಗೆ ಒರಗಿದ್ದ ಆ ಹುಡುಗಿ ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದಿದ್ದಳು ಅಂತ ಯಾರೂ ಕೇಳಲಿಲ್ಲ.

ನಾನು ಆರೋಗ್ಯ ಉಪಕೇಂದ್ರದಲ್ಲಿ ಕೆಲಸ ಮಾಡ್ತೀನಿ, ಶಾಲೆಗಳಿಗೆ ಹೋಗ್ತಾ ಇರ್ತೀನಿ. ಕೇರಳ ನೋಡಿ 2019ರಲ್ಲಿ ನಮ್ಮಲ್ಲೂ ‘ವಾಟರ್ ಬೆಲ್’ ಬಂತು. ಗಂಟೆ ಹೊಡೀತಾರೆ, ಹುಡುಗರು ಗಟಗಟ ಕುಡೀತಾರೆ. ಹುಡುಗಿಯರು ಬಾಟಲಿ ತುಟಿಗೆ ತಾಗಿಸಿ ಮುಚ್ಚಳ ತಿರುಗಿಸ್ತಾರೆ. ನಾಲ್ಕು ಗಂಟೆಗೆ ಅವರ ಬಾಟಲಿ ಎತ್ತಿ ನೋಡಿ, ಬೆಳಿಗ್ಗೆ ಮನೆಯಿಂದ ತುಂಬ್ಕೊಂಡು ಬಂದ ನೀರು ಮುಕ್ಕಾಲು ಹಾಗೇ ಇರುತ್ತೆ. ಕುಡಿದ್ರೆ ಹೋಗಬೇಕಾಗುತ್ತೆ, ಹೋಗೋ ಜಾಗದಲ್ಲಿ ನಲ್ಲಿ ಬರಲ್ಲ, ಚಿಲಕ ಹಾಕೋಕಾಗಲ್ಲ. ಮುಟ್ಟಾದವಳಿಗಂತೂ ಕೇಳಲೇಬೇಡಿ. ಶುಚಿ ಯೋಜನೆಯ ಪ್ಯಾಡ್ ಕೊಟ್ಟರೆ ಆಯ್ತಾ? ಬದಲಾಯಿಸೋಕೆ ಬಾಗಿಲು ಬೇಡ್ವಾ, ಕೈ ತೊಳೆಯೋಕೆ ನೀರು ಬೇಡ್ವಾ, ಎಸೆಯೋಕೆ ಬುಟ್ಟಿ ಬೇಡ್ವಾ? ಆ ಮೂರು ದಿನ ಅವಳು ಬರೋದೇ ಇಲ್ಲ. ಬಂದವಳು ಒಂಬತ್ತೂವರೆಯಿಂದ ತಡ್ಕೊಂಡು ಕೂತಿರ್ತಾಳೆ. ಬೇಸಿಗೆಯಲ್ಲಿ ಉರಿಮೂತ್ರ ಅಂತ ನನ್ನ ಹತ್ರ ಬರೋ ಹೆಣ್ಣುಮಕ್ಕಳಲ್ಲಿ ಈ ವಯಸ್ಸಿನವರೇ ಜಾಸ್ತಿ. ಅವರನ್ನ ಐದೂವರೆವರೆಗೆ ಕೂರಿಸಿದ್ರೆ ಇನ್ನೊಂದು ಗಂಟೆ ತಡ್ಕೊಳ್ಳಿ ಅಂದಂಗೆ.

ಇನ್ನು ಮಾತ್ರೆ. ಆರನೇ ತರಗತಿಯಿಂದ ವಾರಕ್ಕೊಂದು ನೀಲಿ ಕಬ್ಬಿಣಾಂಶದ ಮಾತ್ರೆ ಕೊಡ್ತೀವಿ. ಕೆಲವು ಶಾಲೆಗಳಲ್ಲಿ ಬೆಳಿಗ್ಗೆ ಹಾಲಿನ ಜೊತೇಲೇ ಕೊಟ್ಟು ಕೆಲಸ ಮುಗಿಸ್ತಾರೆ. ಹಾಲು, ಚಹದ ಜೊತೆ ಹೋದ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ, ಖಾಲಿ ಹೊಟ್ಟೇಲಿ ನುಂಗಿದ್ರೆ ಓಕರಿಕೆ. ಒಬ್ಬಳು ಓಕರಿಸಿದ್ರೆ ಮುಂದಿನ ವಾರ ಹತ್ತು ಜನ ಕಿಟಕಿಯಿಂದ ಮಾತ್ರೆ ಎಸೀತಾರೆ. ಬಿಸಿಯೂಟ ಆದ ಮೇಲೆ, ಟೀಚರ್ ಎದುರಿಗೇ ನುಂಗಿಸಿ. ಮಲ ಕಪ್ಪಾದ್ರೆ ಹೆದರಬೇಡಿ ಅಂತ ಮೊದಲೇ ಹೇಳಿಬಿಡಿ. ಫೆಬ್ರವರಿ 10ರ ಜಂತುಹುಳು ಮಾತ್ರೆ ತಪ್ಪಿಸಿಕೊಂಡವರಿಗೆ 17ಕ್ಕೆ ಮತ್ತೆ ಕೊಡ್ತಾರೆ, ಆ ಪಟ್ಟೀನೂ ಒಮ್ಮೆ ನೋಡ್ಕೊಳ್ಳಿ. ರಕ್ತ ಕಡಿಮೆ ಇರೋ ಮಗು ತೂಕಡಿಸುತ್ತೆ, ನಾವು ಸೋಮಾರಿ ಅಂತೀವಿ.

ಎಡದಂಡೆ_ರೈತ
ಅಕ್ಕಾರ, ನೀವು ಬರದಿದ್ದು ಓದಿ ಮಗಳನ್ನ ಕೇಳಿದೆ. ನನಗ ಹೇಳಾಕ ನಾಚಿಕೊಂಡ್ಲು, ಅವರವ್ವಗ ಹೇಳ್ಯಾಳ. ಶಾಲ್ಯಾಗ ಶೌಚಾಲಯ ಎರಡು ಅದಾವಂತ. ಒಂದಕ್ಕ ಕೀಲಿ, ಅದು ಟೀಚರ್‌ಗಳದು. ಇನ್ನೊಂದರಾಗ ನಳ ಬಂದಾಗಿ ದೀಪಾವಳಿಗಿಂತ ಮೊದಲಂತ. ಪೈಪ್ ಒಡದದ, ಅಷ್ಟ. ನಾವು ಎಸ್‌ಡಿಎಂಸಿಯವರು ಈ ವರ್ಷ ಸುಣ್ಣ-ಬಣ್ಣಕ್ಕ, ಗೇಟಿಗೆ, ಧ್ವಜದ ಕಟ್ಟಿಗೆ ಸಭಾ ಮಾಡೀವಿ. ಇದರ ಮಾತು ಒಮ್ಮೆನೂ ಬಂದಿಲ್ಲ. ಸಭಾದಾಗ ಹೆಣ್ಣುಮಕ್ಕಳು ಸದಸ್ಯರು ಅದಾರ, ಸಹಿ ಮಾಡಿ ಹೋಗ್ತಾರ.

ಪಂಚಾಯ್ತಿ_ಮೆಂಬ್ರು
ಪೈಪಿಗೆ ದುಡ್ಡು ಇಲ್ಲ ಅಂತ ಯಾರರ ಅಂದ್ರ ಬಿಡಬ್ಯಾಡ್ರಿ. ಪಂಚಾಯ್ತಿಗೆ ಬರೋ ಹಣಕಾಸು ಆಯೋಗದ ಅನುದಾನದಾಗ ಒಂದು ಪಾಲು ಕುಡಿಯೋ ನೀರು, ನೈರ್ಮಲ್ಯಕ್ಕ ಅಂತನs ಕಟ್ಟಿಟ್ಟಿರ್ತದ. ಎಸ್‌ಡಿಎಂಸಿ ಠರಾವು ಬರದು ಪಂಚಾಯ್ತಿ ಅಧಿಕಾರಿ ಪಿಡಿಒ ಕೈಯಾಗ ಕೊಟ್ಟು, ಸ್ವೀಕೃತಿ ಇಸಗೊಳ್ರಿ. ಬಾಯಿಮಾತಿಗೆ ಏನೂ ಆಗಂಗಿಲ್ಲ.

ಜಯನಗರದ_ಅಮ್ಮ
ಇದು ನಮ್ಮ ಕಡೆಗೂ ಇದೆ ರೀ. ಎರಡು ಲಕ್ಷ ಫೀಸ್ ಕಟ್ಟೋ ಶಾಲೇಲೂ ನನ್ನ ಅಣ್ಣನ ಮಗಳು ಮನೆಗೆ ಬಂದ ಕೂಡ್ಲೇ ಶೂ ಕೂಡ ಬಿಚ್ಚದೆ ಬಾತ್‌ರೂಮಿಗೆ ಓಡ್ತಾಳೆ. ಪೀರಿಯಡ್ ಮಧ್ಯೆ ಬಿಡಲ್ವಂತೆ.

ಬಿಎಡ್_ಓದ್ತಿರೋನು
ಹಾಗಾದ್ರೆ ಸಂಜೆ ಬೇಡ, ಬೆಳಿಗ್ಗೆ ಇಡಲಿ. ಶನಿವಾರ ಹೇಗಿದ್ರೂ ಬೆಳಗಿನ ಶಾಲೆ ಇದ್ದೇ ಇದೆ, ಮಕ್ಕಳಿಗೆ ಅಭ್ಯಾಸ ಇದೆ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳಿಗೆ ಏಪ್ರಿಲ್-ಮೇ ಬಂದ್ರೆ ಬೆಳಿಗ್ಗೆ 8ರಿಂದ 1.30 ಅಂತ ಆದೇಶ ಆಗುತ್ತೆ. ಸಾಹೇಬರಿಗೆ ಬಡಿಯೋ ಬಿಸಿಲು ಮಕ್ಕಳಿಗೆ ಬಡಿಯಲ್ವಾ? ಎಂಟೂವರೆಯಿಂದ ಒಂಬತ್ತೂವರೆವರೆಗೆ ವಿಶೇಷ ತರಗತಿ, ನಾಲ್ಕೂಕಾಲಿಗೆ ಮನೆ.

ನಿವೃತ್ತಿಗೆ_ಮೂರ್ವರ್ಷ
ಇದನ್ನ ಒಪ್ಪಬಹುದು. ಆದ್ರೆ ಎರಡು ತೊಡಕು. ಸಂಜೆ ಹೊಲಕ್ಕೆ ಹೋಗೋರು ಹೋಗೇ ಹೋಗ್ತಾರೆ, ಅದಕ್ಕೆ ಬೆಳಗಿನ ತರಗತಿ ಮದ್ದಲ್ಲ. ಎರಡನೆಯದು, ಎಂಟೂವರೆಗೆ ಬರೋ ಮಗು ಬರಿ ಹೊಟ್ಟೇಲಿ ಬರುತ್ತೆ. ನಮ್ಮಲ್ಲಿ ಅವ್ವ-ಅಪ್ಪ ಆರಕ್ಕೇ ಕೂಲಿಗೆ ಹೋಗ್ತಾರೆ, ಮಗು ರಾತ್ರಿ ರೊಟ್ಟಿ ಇದ್ರೆ ತಿಂದು ಬರ್ತದೆ, ಇಲ್ದಿದ್ರೆ ಹಾಗೇ. ಹಾಲು, ರಾಗಿ ಮಾಲ್ಟನ್ನ ಎಂಟೂವರೆಗೇ ಕೊಟ್ಟರೆ ಮಾತ್ರ ಇದು ನಡೆಯೋದು. 2013ರಿಂದ ಕ್ಷೀರಭಾಗ್ಯ ನೋಡ್ತಾ ಇದ್ದೀನಿ. ಹಾಲು ಕುಡಿದ ಮೊದಲ ಪೀರಿಯಡ್ಡಿಗೂ ಮಧ್ಯಾಹ್ನ ಮೂರೂವರೆ ಗಂಟೆಯ ಪೀರಿಯಡ್ಡಿಗೂ ಅಜಗಜಾಂತರ.

ಪೀಟಿ_ಮಾಸ್ತರ್_ಹಾವೇರಿ
ಹಾಲು ಕೊಟ್ಟು ಹತ್ತು ನಿಮಿಷ ಬಿಟ್ಟು ಪಾಠ. ಮಧ್ಯಾಹ್ನ ಉಂಡ ಮ್ಯಾಲೆ ಕಥೀ, ಚಿತ್ರ, ಗಟ್ಟಿ ಓದು ಇಡ್ರಿ. ಗಣಿತ-ವಿಜ್ಞಾನ ಎಲ್ಲಾ ಹನ್ನೆರಡರ ಒಳಗ ಮುಗಸ್ರಿ. ವೇಳಾಪಟ್ಟಿ ತಿರುವಿ ಹಾಕೂದಕ್ಕ ಖರ್ಚ ಇಲ್ಲ.

ಎಡದಂಡೆ_ರೈತ
ಹಂಗಾದ್ರ ಶನಿವಾರ ಇದನ್ನs ಇಡ್ತೀನಿ. ಮೊದಲು ನಳ ಆಗಬೇಕು, ಆಗೂತನಕ ವಿಶೇಷ ತರಗತಿ ಇಲ್ಲ. ನಳ ಆದ ಮ್ಯಾಲೆ ಎಂಟೂವರೆಗೆ ಹಾಲು, ಆಮ್ಯಾಲೆ ಪಾಠ. ಮೆಣಸಿನಕಾಯಿ ಮಾತು ನಾನs ತೆಗೀತೀನಿ ಸರ್, ಪಾಲಕರ ಕಡಿಂದ ಬಂದ್ರ ಯಾರೂ ಸಿಟ್ಟಾಗಂಗಿಲ್ಲ.

ಅಡಗಿಮನಿ_ಅಕ್ಕ
ಎಲ್ಲಾರೂ ಕೂಡಿ ಎಂಟೂವರೆಗೆ ಹಾಲು ಅಂತ ಬರದೀರಿ. ಕಾಸೋರು ಯಾರ್ರಿ? ನಾನು ಬ್ಯಾರೆ ಶಾಲ್ಯಾಗ ಬಿಸಿಯೂಟದ ಅಡಗಿ ಮಾಡ್ತೀನಿ. ಎಂಟೂವರೆಗೆ ಹಾಲು ಬೇಕಂದ್ರ ಏಳೂವರೆಗೆ ಒಲಿ ಹಚ್ಚಬೇಕು. ಹಾಲಿನ ಪುಡಿ ಗಂಟಾಗಲಾರದಂಗ ಕಲಸೋದs ಅರ್ಧ ತಾಸು. ವಾರದಾಗ ಆರು ದಿನ ತತ್ತಿ ಬಂದ ಮ್ಯಾಲೆ ಕುದಿಸಿ ಸುಲದು ಬಳ್ಳು ಬಿಳಿಚಿಕೊಂಡಾವ. ತಾಸು ಏರಿಸ್ತೀರಿ, ಗೌರವಧನ ಅಷ್ಟs ಇರ್ತದ. ನಿಮ್ಮ ಶಾಲಿ ಅಡಗಿಯಾಕಿನ್ನ ಸಭಾಕ್ಕ ಕರದೀರೇನು?

ಎಡದಂಡೆ_ರೈತ
ಇನ್ನೂ ಕರದಿಲ್ಲಕ್ಕಾ. ನಾಳೆ ಮನಿಗೆ ಹೋಗಿ ಕೇಳ್ತೀನಿ. ಆಕಿ ಒಲ್ಲೆ ಅಂದ್ರ ಎಂಟೂವರೆ ಬಿಟ್ಟು ಒಂಬತ್ತಕ್ಕ ಇಡೋಣು.