ಪ್ರಾಸ್ಟೇಟ್ ಟೆಸ್ಟ್ ಬಗ್ಗೆ ಮನೆಯ ಗಂಡಸರ ಹತ್ತಿರ ಮಾತು ತೆಗೆಯುವುದು ಹೇಗೆ? ಅನುಭವ ಇದ್ದವರು ಹೇಳಿ

ಅಪ್ಪನಿಗೆ 62ಕ್ಕೆ ಪ್ರಾಸ್ಟೇಟ್ (ಗಂಡಸರಿಗೆ ಮೂತ್ರಕೋಶದ ಕೆಳಗೆ ಇರುವ ಗ್ರಂಥಿ) ಕ್ಯಾನ್ಸರ್ ಅಂತ ಗೊತ್ತಾದಾಗ ಅದು ಆಗಲೇ ಮೂಳೆಗೆ ಹರಡಿತ್ತು. ಅಣ್ಣನಿಗೆ ಈಗ 47. ಟೆಸ್ಟ್ ಮಾಡಿಸಿಕೋ ಅಂದರೆ "ನನಗೇನಾಗಿದೆ, ಚೆನ್ನಾಗೇ ಇದ್ದೀನಲ್ಲ" ಅಂತಾನೆ. ಅವನಿಗೂ ಅವನ ಸ್ನೇಹಿತರಿಗೂ ಹೇಗೆ ತಿಳಿಸಿ ಹೇಳಲಿ?

* * *

ಮೇಡಂ, ಚೆನ್ನಾಗೇ ಇದ್ದೀನಿ ಅನ್ನುವ ಆ ಮಾತನ್ನೇ ಹಿಡಿದುಕೊಳ್ಳಿ. ಈ ಕ್ಯಾನ್ಸರ್ ಶುರುವಿನಲ್ಲಿ ಹೆಚ್ಚಿನವರಿಗೆ ಏನೂ ತೊಂದರೆ ಕೊಡುವುದಿಲ್ಲ. ಸಾಮಾನ್ಯವಾಗಿ ಅದು ಹುಟ್ಟುವುದು ಗ್ರಂಥಿಯ ಹೊರಭಾಗದಲ್ಲಿ, ಮೂತ್ರನಾಳದಿಂದ ದೂರ, ಹಾಗಾಗಿ ಮೂತ್ರಕ್ಕೆ ಅಡ್ಡಿಯಾಗುವ ಹೊತ್ತಿಗೆ ಎಷ್ಟೋ ಸಲ ಚೆನ್ನಾಗಿ ಬೆಳೆದಿರುತ್ತದೆ. ನಮ್ಮ ಚಿಕ್ಕಪ್ಪ ಸೊಂಟ ನೋವು ಅಂತ ಮುಲಾಮು ಹಚ್ಚಿಕೊಂಡೇ ತಿಂಗಳುಗಟ್ಟಲೆ ಓಡಾಡಿದರು. ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಪಿಎಸ್‌ಎ ಮಾಡಿಸಿ" ಅಂದರು. ಪ್ರಾಸ್ಟೇಟ್‌ನಿಂದ ಬರುವ ಒಂದು ಪ್ರೋಟೀನ್ ರಕ್ತದಲ್ಲಿ ಎಷ್ಟಿದೆ ಅಂತ ನೋಡುವ ಟೆಸ್ಟ್ ಅದು. ಮೂತ್ರದ ತೊಂದರೆ ಅವರಿಗೆ ಒಂದು ದಿನವೂ ಇರಲಿಲ್ಲ.

ಅದಕ್ಕೇ ನಾನು ಎಲ್ಲಿ ಮಾತಾಡಿದರೂ ಲಕ್ಷಣಗಳ ಪಟ್ಟಿ ಓದುವುದಿಲ್ಲ. ಪಟ್ಟಿ ಕೇಳಿದವರು ನನಗೆ ಇದ್ಯಾವುದೂ ಇಲ್ಲ ಅಂತ ನೆಮ್ಮದಿಯಾಗಿ ಎದ್ದು ಹೋಗುತ್ತಾರೆ. ವಯಸ್ಸೆಷ್ಟು, ಅಪ್ಪನಿಗೋ ಅಣ್ಣತಮ್ಮಂದಿರಿಗೋ ಬಂದಿತ್ತಾ, ಇಷ್ಟೇ ಕೇಳುತ್ತೇನೆ. ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಪ್ರಕಾರ ಸಾಮಾನ್ಯರು 50ಕ್ಕೆ ಡಾಕ್ಟರ ಹತ್ತಿರ ಈ ವಿಷಯ ಮಾತಾಡಬೇಕು, ಅಪ್ಪ ಅಥವಾ ಸೋದರನಿಗೆ 65ರ ಒಳಗೆ ಬಂದಿದ್ದರೆ 45ಕ್ಕೇ. ನಿಮ್ಮ ಅಣ್ಣನಿಗೆ ಆ ವಯಸ್ಸು ಆಗಲೇ ದಾಟಿದೆ.

* * *

ನಮ್ಮ ಯಜಮಾನರಿಗೆ ಇದ್ದದ್ದು ಹಿಂದಿನಿಂದ ಬೆರಳು ಹಾಕಿ ನೋಡ್ತಾರಂತೆ ಅನ್ನುವ ಮುಜುಗರ, ಅಷ್ಟೇ. ಬಾಯಿ ಬಿಟ್ಟು ಹೇಳಲಿಲ್ಲ, ಹೋಗೋಣ ಹೋಗೋಣ ಅಂತ ಮುಂದೂಡುತ್ತಲೇ ಬಂದರು. ಮೊದಲ ಹೆಜ್ಜೆ ಬರೀ ರಕ್ತ ಪರೀಕ್ಷೆ ಅಂತ ತಿಳಿದ ಮೇಲೆ ಹೊರಟರು. ಪಿಎಸ್‌ಎ ಜಾಸ್ತಿ ಬಂದ ತಕ್ಷಣ ಕ್ಯಾನ್ಸರ್ ಅಂತ ಅಲ್ಲ, ಇದನ್ನು ಮೊದಲೇ ಹೇಳಿಬಿಡಿ. ವಯಸ್ಸಿಗೆ ಗ್ರಂಥಿ ದೊಡ್ಡದಾಗಿದ್ದರೂ ಏರುತ್ತದೆ, ಮೂತ್ರದ ಸೋಂಕಿದ್ದರೂ ಏರುತ್ತದೆ. ಟೆಸ್ಟಿಗೆ ಎರಡು ದಿನ ಮುಂಚೆಯಿಂದ ಸೈಕಲ್ ತುಳಿಯುವುದು, ಗಂಡ ಹೆಂಡತಿ ಸೇರುವುದು ಬೇಡ. ಕೂದಲು ಉದುರುವುದಕ್ಕೆ ಫಿನಾಸ್ಟರೈಡ್ ಮಾತ್ರೆ ತಗೊಳ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು, ಅದು ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ.

* * *

ನನಗೆ ಇರುವುದು ಸಣ್ಣ, ನಿಧಾನದ ಗಡ್ಡೆ. ಆಪರೇಷನ್ ಮಾಡಿಸಿಲ್ಲ, ನಿಗಾ ಇಟ್ಟಿದ್ದಾರೆ. ಆಗಾಗ ಪಿಎಸ್‌ಎ, ನಡುವೆ ಎಂಆರ್‌ಐ, ಬೇಕಾದರೆ ಮತ್ತೆ ಬಯಾಪ್ಸಿ (ಗ್ರಂಥಿಯ ಚೂರು ತೆಗೆದು ನೋಡುವುದು). ದಯವಿಟ್ಟು ಎಲ್ಲರಿಗೂ ಇದನ್ನೂ ಹೇಳಿ ಮೇಡಂ, ಯಾಕಂದ್ರೆ ಟೆಸ್ಟ್ ಅಂದರೆ ಆಪರೇಷನ್, ಆಮೇಲೆ ಮೂತ್ರ ಸೋರುವುದು, ದಾಂಪತ್ಯ ಹೋಯಿತು ಅಂತ ಹೆದರಿ ದೂರ ಉಳಿಯುವವರೇ ಜಾಸ್ತಿ. ಬ್ರಿಟನ್ನಿನಲ್ಲಿ ಪಿಎಸ್‌ಎ ಟೆಸ್ಟಿನಿಂದ ಪತ್ತೆಯಾದ 1,643 ಜನರನ್ನು ಆಪರೇಷನ್, ರೇಡಿಯೇಷನ್, ಬರೀ ನಿಗಾ ಅಂತ ಮೂರು ಗುಂಪು ಮಾಡಿ 15 ವರ್ಷ ನೋಡಿದರು. ಮೂರೂ ಗುಂಪಿನಲ್ಲಿ ನೂರಕ್ಕೆ ಸುಮಾರು 97 ಜನ ಈ ಕ್ಯಾನ್ಸರಿನಿಂದ ಸಾಯಲಿಲ್ಲ. ಗ್ರಂಥಿ ಬಿಟ್ಟು ಹೊರಗೆ ಹೋಗುವ ಮೊದಲೇ ಸಿಕ್ಕವರ ಲೆಕ್ಕ ಇದು. ಹಾಗಂತ ಟೆಸ್ಟಿನಲ್ಲಿ ನಷ್ಟವೇ ಇಲ್ಲ ಅಂತಲೂ ಹೇಳಬೇಡಿ, ಎಂದೂ ತೊಂದರೆ ಕೊಡದ ಗಡ್ಡೆಯೂ ಸಿಕ್ಕಿ ಸುಮ್ನೆ ಚಿಂತೆ ಹಚ್ಚುತ್ತದೆ. ಎರಡನ್ನೂ ಹೇಳಿ, ಅಪ್ಪನ ರಿಪೋರ್ಟ್ ಜೊತೆಗಿಟ್ಟುಕೊಂಡು ಅಣ್ಣನನ್ನು ಯೂರಾಲಜಿಸ್ಟ್ ಹತ್ತಿರ ನೀವೇ ಕರೆದುಕೊಂಡು ಹೋಗಿ. ಅಲ್ಲಿ ಕೇಳಬೇಕಾದ್ದನ್ನು ಅವನೇ ಕೇಳಲಿ.