ಮನೆಪಾಠದ ಕೋ-ಆಪ್‌ಗೂ ಉಡುಪಿನ ನಿಯಮ: ಅನುಭವ ಇದ್ದವರು ಹೇಳಿ

ಡಲ್ಲಾಸ್ ಪಕ್ಕದ ಊರಿನಲ್ಲಿದ್ದೇವೆ. ಹದಿಮೂರರ ಮಗಳು, ಐದರ ಮಗ, ಇಬ್ಬರಿಗೂ ಮನೆಯಲ್ಲೇ ಪಾಠ. ವಾರಕ್ಕೊಂದು ದಿನ ಚರ್ಚಿನ ಕಟ್ಟಡದಲ್ಲಿ ಪೋಷಕರೇ ತರಗತಿ ನಡೆಸುವ ಕೋ-ಆಪ್‌ಗೆ ಸೇರಿಸೋಣವೆಂದರೆ ಉದ್ದನೆಯ ನಿಯಮಪಟ್ಟಿ ಬಂದಿದೆ. ತೋಳಿಲ್ಲದ ಅಂಗಿ ಬೇಡ, ಕೈ ಇಳಿಬಿಟ್ಟರೆ ಬೆರಳ ತುದಿಗಿಂತ ಚಡ್ಡಿ ಕೆಳಗಿರಬೇಕು, ಮುಖದ ಮೇಲೆ ಚುಚ್ಚಿಸಿದ ಆಭರಣ ಕೂಡದು, ಹುಡುಗರ ಕೂದಲು ಕಾಲರ್ ಮುಟ್ಟಬಾರದು. ಮಗಳಿಗೆ ಮೂಗುಬೊಟ್ಟು ಇದೆ. ಮಗನದು ಧರ್ಮಸ್ಥಳದ ಹರಕೆ ಮುಡಿ, ಊರಿಗೆ ಹೋಗುವವರೆಗೆ ಕತ್ತರಿ ತಾಗಿಸುವಂತಿಲ್ಲ. "ಇದಕ್ಕೇನು ಶಾಲೆ ಬಿಟ್ಟಿದ್ದು?" ಎಂದು ಮಗಳ ಮುನಿಸು. ಏನು ಮಾಡಿದಿರಿ ನೀವೆಲ್ಲ?

*

ನಾವೂ ಟೆಕ್ಸಾಸಿನವರೇ. ಮೊದಲು ಒಂದು ವಿಷಯ ತಿಳಿದಿರಲಿ. 1994ರ ಲೀಪರ್ ಪ್ರಕರಣದಲ್ಲಿ ಟೆಕ್ಸಾಸ್ ರಾಜ್ಯದ ಸುಪ್ರೀಂ ಕೋರ್ಟ್ ಮನೆಪಾಠವನ್ನು ಖಾಸಗಿ ಶಾಲೆಯೆಂದೇ ಒಪ್ಪಿದೆ. ಓದು, ಕಾಗುಣಿತ, ವ್ಯಾಕರಣ, ಗಣಿತ, ಉತ್ತಮ ಪೌರತ್ವ, ಇಷ್ಟನ್ನು ಪ್ರಾಮಾಣಿಕವಾಗಿ ಕಲಿಸಿದರೆ ಆಯಿತು. ನಿಮ್ಮ ಮನೆಯಲ್ಲಿ ಮಗಳು ರಾತ್ರಿಯುಡುಗೆಯಲ್ಲೇ ಬೀಜಗಣಿತ ಮಾಡಿದರೂ ಕೇಳುವವರಿಲ್ಲ. ಕೋ-ಆಪ್ ಹಾಗಲ್ಲ. ಅದು ಕೆಲವು ಕುಟುಂಬಗಳು ಕಟ್ಟಿಕೊಂಡ ಕೂಟ, ಜಾಗ ಕೊಟ್ಟ ಚರ್ಚಿನ ಮರ್ಜಿಯೂ ಅದರಲ್ಲಿ ಸೇರಿರುತ್ತದೆ. ಸಹಿ ಹಾಕಿದ ಮೇಲೆ ತಕರಾರು ಎತ್ತಿದರೆ ಕಿಮ್ಮತ್ತಿಲ್ಲ. ಕೇಳುವುದೆಲ್ಲ ಮೊದಲೇ ಕೇಳಿ.

ನನ್ನ ಮಗಳ ಮೂಗುಬೊಟ್ಟಿನ ಬಗ್ಗೆ ಸಂಚಾಲಕಿಗೆ ಪತ್ರ ಬರೆದಾಗ, ಇದು ಫ್ಯಾಷನ್ ಅಲ್ಲ, ನಮ್ಮ ಮನೆಯ ಹೆಣ್ಣುಮಕ್ಕಳೆಲ್ಲ ಹಾಕುವ ಆಭರಣ ಎಂದಷ್ಟೇ ತಿಳಿಸಿದ್ದೆ. ಎರಡೇ ಸಾಲಿನಲ್ಲಿ ಒಪ್ಪಿಗೆ ಬಂತು. ಮುಡಿಗೂ ಹಾಗೆಯೇ ಬರೆಯಿರಿ. ಊರಿಗೆ ಯಾವಾಗ ಹೋಗುತ್ತೀರಿ ಎನ್ನುವುದನ್ನೂ ಸೇರಿಸಿ, ಕೊನೆಯಿದೆ ಎಂದು ಗೊತ್ತಾದರೆ ವಿನಾಯಿತಿ ಕೊಡಲು ಯಾರಿಗೂ ಕಷ್ಟವಾಗುವುದಿಲ್ಲ. ಆ ಉತ್ತರವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಬಾಗಿಲ ಬಳಿ ಹಾಜರಿ ಹಾಕುವ ತಾಯಂದಿರು ಬದಲಾಗುತ್ತಿರುತ್ತಾರೆ, ಹೊಸಬರಿಗೆ ಹಳೆಯ ಮಾತು ಗೊತ್ತಿರುವುದಿಲ್ಲ. ನಮ್ಮಲ್ಲಿ ಹಾಜರಿ ಮೇಜಿನ ಕೆಳಗೆ ದೊಗಳೆ ಟೀ ಶರ್ಟುಗಳ ಒಂದು ಡಬ್ಬವೇ ಇದೆ. ತೋಳಿಲ್ಲದ ಅಂಗಿಯಲ್ಲಿ ಬಂದವಳು ಸಂಜೆಯವರೆಗೆ ಮೊಣಕಾಲು ಮುಟ್ಟುವ ಹಳದಿ ಟೀ ಶರ್ಟಿನಲ್ಲಿ ತಿರುಗಬೇಕು. ಮಗಳಿಗೆ ಅದೊಂದನ್ನು ಹೇಳಿಬಿಡಿ, ಉಳಿದ ಉಪದೇಶ ಬೇಕಾಗುವುದಿಲ್ಲ.

*

ಕುರ್ತಾ, ಚೂಡಿದಾರ್ ಹಾಕಿ ಕಳಿಸಿ. ಯಾವ ಪಟ್ಟಿಗೂ ಸಿಕ್ಕುವುದಿಲ್ಲ. ವಿಜ್ಞಾನದ ಪ್ರಯೋಗವಿರುವ ದಿನ ಮಾತ್ರ ದುಪಟ್ಟಾ ಮನೆಯಲ್ಲಿರಲಿ.

*

ಮೇಲಿನವರಷ್ಟು ಸಮಾಧಾನ ನನಗಿಲ್ಲ. ನಾವು ಬಿಟ್ಟುಬಂದ ಕೋ-ಆಪ್‌ನಲ್ಲಿ ಹುಡುಗರಿಗೆ ಎರಡು ಸಾಲಿನ ನಿಯಮ, ಹುಡುಗಿಯರಿಗೆ ಒಂದು ಪುಟ. ಬೆರಳ ತುದಿಯ ಅಳತೆಯಂತೂ ಶುದ್ಧ ಅನ್ಯಾಯ. ನನ್ನ ಮಗಳು ಎತ್ತರ, ಕೈಗಳೂ ಉದ್ದ. ಅವಳ ಗೆಳತಿಗೆ ನಡೆದ ಚಡ್ಡಿಯೇ ಇವಳಿಗೆ ನಡೆಯಲಿಲ್ಲ. ಎಲ್ಲರೆದುರು ಕೈ ಇಳಿಬಿಟ್ಟು ನಿಲ್ಲಿಸಿದರು. ಅಂದಿನಿಂದ ಗಂಡುಮಕ್ಕಳ ವಿಭಾಗದಲ್ಲಿ ಮೊಣಕಾಲುದ್ದದ ಬರ್ಮುಡಾ ಕೊಂಡು ಕೊಟ್ಟೆ, ಜೇಬೂ ದೊಡ್ಡದೆಂದು ಅವಳಿಗೆ ಖುಷಿ. ಆದರೆ ಕೇಳಬೇಕಾದ್ದು ಉದ್ದ ಎಷ್ಟು ಎಂದಲ್ಲ, ತಪ್ಪಿದರೆ ಹೇಳುವವರು ಯಾರು, ಎಲ್ಲಿ ಹೇಳುತ್ತಾರೆ ಎಂದು. ಪಕ್ಕಕ್ಕೆ ಕರೆದು ತಾಯಿಗೆ ಹೇಳುತ್ತಾರಾದರೆ ಸೇರಿಸಿ. ಪಟ್ಟಿಯ ಕೊನೆಯಲ್ಲಿ ಕ್ರೈಸ್ತ ವಿಶ್ವಾಸದ ಹೇಳಿಕೆ ಇದೆಯೇ ಎಂದೂ ನೋಡಿ. ಕೆಲವು ಕಡೆ ಓದಿದ್ದೇನೆ ಎಂದು ಸಹಿ ಮಾಡಿದರೆ ಸಾಕು, ಕೆಲವು ಕಡೆ ನಂಬುತ್ತೇನೆ ಎಂದೇ ಬರೆಯಬೇಕು. ಎರಡನೆಯದಕ್ಕೆ ನಾನು ಸಹಿ ಹಾಕಲಾರೆ.

*

ನಾನು ಇಂಥದ್ದೇ ಒಂದು ಕೋ-ಆಪ್‌ನಲ್ಲಿ ಪಾಠ ಮಾಡುವವಳು, ಹಾಜರಿ ಮೇಜಿನ ಹಿಂದೆಯೂ ಕುಳಿತಿದ್ದೇನೆ. ಎಲ್ಲರೂ ಬಟ್ಟೆಯನ್ನೇ ಹಿಡಿದುಕೊಂಡಿದ್ದೀರಿ. ತಲೆನೋವಾಗುವುದು ನಡವಳಿಕೆಯ ಭಾಗ. ಮೊಬೈಲನ್ನು ಬುಟ್ಟಿಗೆ ಹಾಕುವುದು, ಹೇಳದೆ ಕಟ್ಟಡ ಬಿಟ್ಟು ಹೋಗದಿರುವುದು, ಊಟವಾದ ಮೇಲೆ ಕುರ್ಚಿ ಜೋಡಿಸುವುದು, ಇವೆಲ್ಲ ಮಕ್ಕಳು ಬೇಗ ಕಲಿಯುತ್ತಾರೆ. ತಪ್ಪುವವರು ದೊಡ್ಡವರು. ನಮ್ಮಲ್ಲಿ ಪೋಷಕರು ಮಕ್ಕಳನ್ನು ಇಳಿಸಿ ಹೋಗುವಂತಿಲ್ಲ, ಒಂದಲ್ಲ ಒಂದು ಕೆಲಸಕ್ಕೆ ಹೆಸರು ಬರೆಸಬೇಕು. ಐದರ ಮಗನಿರುವುದರಿಂದ ನಿಮ್ಮನ್ನು ಪುಟ್ಟಮಕ್ಕಳ ಕೋಣೆಗೇ ಹಾಕುವ ಸಂಭವ ಹೆಚ್ಚು. ಇನ್ನೊಂದು, ನಮ್ಮಲ್ಲಿ ಬೇರೆಯವರ ಮಗುವಿನೊಂದಿಗೆ ಯಾವ ದೊಡ್ಡವರೂ ಕೋಣೆಯಲ್ಲಿ ಒಬ್ಬರೇ ಇರುವಂತಿಲ್ಲ, ಯಾವಾಗಲೂ ಇಬ್ಬರಿರಬೇಕು. ನಿಮ್ಮ ಪಟ್ಟಿಯಲ್ಲಿ ಆ ಸಾಲು ಕಾಣದಿದ್ದರೆ ಕೂದಲು, ಮೂಗುಬೊಟ್ಟಿನ ವಿಷಯಕ್ಕಿಂತ ಮುಂಚೆ ಅದನ್ನು ಕೇಳಿ.