ಮನೆಯವರಿಗೆ ಕೋವಿಡ್ ಬಂದರೆ ನಾಯಿ, ಬೆಕ್ಕಿಗೂ ತಗಲುತ್ತದೆಯೇ?

ಪ್ರಶ್ನೆ:
ಮನೆಯಲ್ಲಿ ಒಬ್ಬರಿಗೆ ಕೋವಿಡ್ ಬಂದಿದೆ. ಒಂದು ನಾಯಿ, ಎರಡು ಬೆಕ್ಕು ಇವೆ; ಬೆಕ್ಕುಗಳು ಮಲಗುವುದು ರೋಗಿಯ ಹಾಸಿಗೆಯಲ್ಲೇ. ಅವಕ್ಕೂ ತಗಲುತ್ತದೆಯೇ? ಅವುಗಳಿಂದ ಮಿಕ್ಕವರಿಗೆ ಹರಡುತ್ತದೆಯೇ? ನಾಯಿಯ ಲಸಿಕೆ ಕಾರ್ಡಿನಲ್ಲಿ ‘ಕೊರೊನಾ’ ಎಂದಿದೆ, ಅದು ಸಾಕೇ? ಮೈಗೆ ಸ್ಯಾನಿಟೈಸರ್ ಹಚ್ಚಿ ಒರೆಸಬಹುದೇ?

ಉತ್ತರ 1:
ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಸ್ಯಾನಿಟೈಸರ್ ಹಚ್ಚಲೇಬೇಡಿ. ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುತ್ತದೆ, ಕೂದಲಿಗೆ ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗುತ್ತದೆ. ಎಷ್ಟೋ ಸೋಂಕುನಿವಾರಕಗಳಲ್ಲಿ ಇರುವ ಬೆಂಜಾಲ್ಕೋನಿಯಂ ಕ್ಲೋರೈಡ್ ನಾಲಿಗೆ ಸುಟ್ಟು ಹುಣ್ಣು ಮಾಡುತ್ತದೆ. ಬೆಕ್ಕು ಜೊಲ್ಲು ಸುರಿಸುತ್ತ ಊಟ ಬಿಟ್ಟುಬಿಡುತ್ತದೆ. ಇಷ್ಟಕ್ಕೂ ಸಾಕುಪ್ರಾಣಿಯ ಕೂದಲಿನಿಂದ ಕೋವಿಡ್ ಹರಡಿದ್ದಕ್ಕೆ ಪುರಾವೆಯಿಲ್ಲ.

ಆದರೆ ಸೋಂಕು ಪ್ರಾಣಿಗಳಿಗೂ ತಗಲಬಹುದು. 2020ರ ಫೆಬ್ರುವರಿಯಲ್ಲೇ ಹಾಂಗ್‌ಕಾಂಗ್‌ನಲ್ಲಿ ಸೋಂಕಿತರ ಮನೆಯ ಪೊಮೆರೇನಿಯನ್ ನಾಯಿಯೊಂದಕ್ಕೆ ಪಾಸಿಟಿವ್ ಬಂದಿತ್ತು. ಆದರೆ ನಾಯಿಗಿಂತ ಬೆಕ್ಕಿಗೆ ಬೇಗ ಹತ್ತುತ್ತದೆ. ವೈರಸ್ ಜೀವಕೋಶಕ್ಕೆ ನುಗ್ಗಲು ಹಿಡಿದುಕೊಳ್ಳುವ ಎಸಿಇ2 ಪ್ರೋಟೀನ್ ಬೆಕ್ಕಿನಲ್ಲಿ ಮನುಷ್ಯರದನ್ನು ಬಹಳ ಹೋಲುತ್ತದೆ. ಪ್ರಯೋಗಗಳಲ್ಲಿ ಸೋಂಕಿತ ಬೆಕ್ಕು ಜೊತೆಗಿದ್ದ ಬೆಕ್ಕಿಗೂ ಹರಡಿತು, ನಾಯಿಗಳ ನಡುವೆ ಹಾಗಾಗಲಿಲ್ಲ. ನಿಮ್ಮ ಎರಡು ಬೆಕ್ಕುಗಳಲ್ಲಿ ಒಂದಕ್ಕೆ ಬಂದರೆ ಇನ್ನೊಂದನ್ನೂ ಗಮನಿಸುತ್ತಿರಿ.

ಪ್ರಾಣಿಯಿಂದ ಮನುಷ್ಯರಿಗೆ ಬರುವುದು ತೀರ ಅಪರೂಪ. 2021ರಲ್ಲಿ ಥಾಯ್ಲೆಂಡ್‌ನಲ್ಲಿ ಸ್ವಾಬ್ ತೆಗೆಯುವಾಗ ಬೆಕ್ಕು ಪಶುವೈದ್ಯೆಯ ಮುಖಕ್ಕೇ ಸೀನಿತು. ಮಾಸ್ಕ್, ಕೈಗವಸು ಇದ್ದವು, ಕಣ್ಣಿಗೆ ರಕ್ಷಣೆ ಇರಲಿಲ್ಲ, ಸೋಂಕು ಬಂತು. 2022ರ ಜನವರಿಯಲ್ಲಿ ಹಾಂಗ್‌ಕಾಂಗ್‌ನ ಸಾಕುಪ್ರಾಣಿ ಅಂಗಡಿಯ, ಇಲಿಯಂಥ ಪುಟ್ಟ ಹ್ಯಾಮ್‌ಸ್ಟರ್‌ಗಳಿಂದಲೂ ಜನರಿಗೆ ಹರಡಿತು. ಮನೆಯ ಮಿಕ್ಕವರಿಗೆ ಅಪಾಯವಿರುವುದು ಬೆಕ್ಕಿನಿಂದಲ್ಲ, ಕೆಮ್ಮುತ್ತಿರುವ ಮನುಷ್ಯರಿಂದ.

ಉತ್ತರ 2:
ಲಸಿಕೆಯ ವಿಷಯ. ಕಾರ್ಡಿನಲ್ಲಿರುವುದು ನಾಯಿಗಳ ಕರುಳಿನ ಕೊರೊನಾ, ಮರಿಗಳಿಗೆ ಭೇದಿ ತರುವಂಥದ್ದು. ಕೊರೊನಾ ವೈರಸ್‌ಗಳಲ್ಲಿ ಅದು ಆಲ್ಫಾ ಗುಂಪಿನದು, ಕೋವಿಡ್ ವೈರಸ್ ಬೀಟಾ ಗುಂಪಿನದು. ಹೆಸರೊಂದೇ ಸಮ, ಆ ಲಸಿಕೆ ಕೋವಿಡ್ ತಡೆಯುವುದಿಲ್ಲ. ಬೆಕ್ಕುಗಳಲ್ಲಿ ಎಫ್‌ಐಪಿ ಎಂಬ ಗಂಭೀರ ಕಾಯಿಲೆ ತರುವ ಕೊರೊನಾ ಕೂಡ ಬೇರೆಯೇ, ಅದು ಮನುಷ್ಯರಿಗೆ ಬರುವುದಿಲ್ಲ.

ಉತ್ತರ 3:
ಮನೆಯಲ್ಲಿ ಮಾಡಬೇಕಾದದ್ದು ಇಷ್ಟು. ಊಟ ಹಾಕುವುದು, ಲಿಟರ್ ಟ್ರೇ (ಬೆಕ್ಕಿನ ಮಲಮೂತ್ರಕ್ಕೆ ಹರಳು ಹಾಕಿಟ್ಟ ತಟ್ಟೆ) ಸ್ವಚ್ಛ ಮಾಡುವುದು ಆರೋಗ್ಯವಂತರ ಕೆಲಸವಾಗಲಿ. ರೋಗಿಯ ಕೋಣೆಯ ಬಾಗಿಲು ಮುಚ್ಚಿರಲಿ. ಮುದ್ದಿಸುವುದು, ಮುಖ ನೆಕ್ಕಿಸಿಕೊಳ್ಳುವುದು, ತಟ್ಟೆಯಿಂದ ತುತ್ತು ಕೊಡುವುದು ಕೆಲವು ದಿನ ಬೇಡ. ಬೇರೆ ಯಾರೂ ಇಲ್ಲದಿದ್ದರೆ ರೋಗಿಯೇ ಮಾಸ್ಕ್ ಹಾಕಿ, ಮುಟ್ಟುವ ಮೊದಲೂ ಆಮೇಲೂ ಸಾಬೂನಿನಿಂದ 20 ಸೆಕೆಂಡ್ ಕೈ ತೊಳೆಯಲಿ. ಪ್ರಾಣಿಗೆ ಮಾಸ್ಕ್ ಹಾಕಬೇಡಿ, ಉಸಿರು ಕಟ್ಟುತ್ತದೆ.

ಟ್ರೇಗೆ ಬ್ಲೀಚ್ ಬಳಸುವಾಗ ಅನೇಕರು ಎಡವುತ್ತಾರೆ. ಮೂತ್ರದ ಅಮೋನಿಯಾ ಬ್ಲೀಚ್‌ಗೆ ಸೇರಿದರೆ ವಿಷಾನಿಲ ಏಳುತ್ತದೆ. ಮೊದಲು ಸಾಬೂನು ನೀರಿನಲ್ಲಿ ಉಜ್ಜಿ ಚೆನ್ನಾಗಿ ತೊಳೆಯಿರಿ. ಆಮೇಲೆ 1 ಲೀಟರ್ ನೀರಿಗೆ ಶೇ 5ರ ಬ್ಲೀಚ್ 20 ಮಿಲಿ ಬೆರೆಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೊಳೆದು, ಪೂರ್ತಿ ಒಣಗಿದ ಮೇಲೆ ಹೊಸ ಲಿಟರ್ ಹಾಕಿ. ಕಿಟಕಿ ತೆರೆದಿರಲಿ.

ಪ್ರಶ್ನೆ ಕೇಳಿದವರು:
ಒಂದು ಬೆಕ್ಕು ಸೀನುತ್ತಿದೆ, ಮೈಯೂ ಬಿಸಿ ಅನಿಸುತ್ತಿದೆ. ಪ್ಯಾರಾಸಿಟಮಾಲ್ ಕೊಡಬಹುದೇ?

ಉತ್ತರ 3:
ದಯವಿಟ್ಟು ಕೊಡಬೇಡಿ. 500 ಮಿಗ್ರಾಂನ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಅದನ್ನು ಕರಗಿಸಿ ಹೊರಹಾಕುವ ಕಿಣ್ವ ಬೆಕ್ಕಿನಲ್ಲಿ ತೀರ ಕಡಿಮೆ. ರಕ್ತ ಆಮ್ಲಜನಕ ಒಯ್ಯಲಾರದೆ ಒಸಡು ಕಂದು ತಿರುಗುತ್ತದೆ, ಮುಖ, ಪಾದ ಊದುತ್ತವೆ. ಅಪ್ಪಿತಪ್ಪಿ ತಿಂದಿದ್ದರೆ ಲಕ್ಷಣಕ್ಕೆ ಕಾಯದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಮೈ ಬಿಸಿ ಅನಿಸಿದ್ದು ಜ್ವರವೇ ಆಗಿರಬೇಕಿಲ್ಲ. ಬೆಕ್ಕಿನ ಸಹಜ ತಾಪಮಾನವೇ 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಸೀನಿಗೆ ಬೆಕ್ಕುಗಳದೇ ಹರ್ಪಿಸ್, ಕ್ಯಾಲಿಸಿ ವೈರಸ್‌ಗಳು ಹೆಚ್ಚು ಸಾಮಾನ್ಯ ಕಾರಣ. ಬೆಕ್ಕು ನಿದ್ದೆಯಲ್ಲಿರುವಾಗ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ: 30ರೊಳಗಿದ್ದು, ಊಟ ಮಾಡುತ್ತಿದ್ದರೆ ಗಾಬರಿ ಬೇಡ. 30 ಮೀರಿದರೆ ಅಥವಾ ಒಂದು ದಿನ ಊಟ ಬಿಟ್ಟರೆ ಪಶುವೈದ್ಯರಿಗೆ ಫೋನ್ ಮಾಡಿ. ಬಾಯಿ ತೆರೆದು ಉಸಿರಾಡಿದರೆ ಅದೇ ಗಳಿಗೆಯಲ್ಲಿ ಹೊರಡಿ. ಮನೆಯಲ್ಲಿ ಕೋವಿಡ್ ಇದೆಯೆಂದು ಮೊದಲೇ ತಿಳಿಸಿ, ಕರೆದೊಯ್ಯುವುದು ಆರೋಗ್ಯವಂತರಾಗಲಿ.